ಜೋಡಿ ಆಜ್ಞೆಯ ಪಂಪು: ಕುವೈತಿನ ಮನೆಗಳಲ್ಲಿ

ಜೋಡಿ ಆಜ್ಞೆಯ ಪಂಪು ಎಂದರೆ ಎರಡು ಪ್ರತ್ಯೇಕ ಉಪಕರಣಗಳಲ್ಲಿ ಯಾವುದಕ್ಕೆ ನೀರಿನ ಹರಿವು ಬೇಕಾದರೂ ತಾನಾಗಿ ಓಡಿ, ಎರಡಕ್ಕೂ ಬೇಡವಾದಾಗ ಮಾತ್ರ ನಿಲ್ಲುವಂತೆ ತಂತಿ ಜೋಡಿಸಿದ ಒಂದೇ ಪಂಪು. ಚಳಿ ದೇಶಗಳ ಮನೆಗಳಲ್ಲಿ ಆ ಎರಡು ಉಪಕರಣಗಳು ಸಾಮಾನ್ಯವಾಗಿ ಮನೆ ಬೆಚ್ಚಗಿಡುವ ಫರ್ನೇಸುಗಳು. ಕುವೈತಿನಲ್ಲಿ ಅದೇ ಜಾಗದಲ್ಲಿ ನೀರನ್ನು ತಂಪು ಮಾಡುವ ಎರಡು ಚಿಲ್ಲರುಗಳಿರುತ್ತವೆ, ಇಲ್ಲವೆ ಬೇಸಿಗೆಯ ಒಂದು ಚಿಲ್ಲರು ಮತ್ತು ಚಳಿಗಾಲದ ಒಂದು ಹೀಟರು. ಉಪಕರಣ ಬಿಸಿ ಮಾಡುವುದೋ ತಂಪು ಮಾಡುವುದೋ ಎಂಬುದರಿಂದ ತಂತಿಯ ತತ್ವ ಬದಲಾಗುವುದಿಲ್ಲ. ಎರಡು ಕಡೆಯ ಆಜ್ಞೆಗಳು ಒಂದೆಡೆ ಸೇರಬೇಕು. ಎರಡು ಕಡೆಯ ವಿದ್ಯುತ್ತು ಮಾತ್ರ ಎಲ್ಲೂ ಸೇರಕೂಡದು. ಈ ಲೇಖನದಲ್ಲಿ ಬರುವ ರಿಲೇಗಳು ಈ ನಿಯಮವನ್ನು ಕಾಯುವ ಸಾಧನಗಳು.

ಪದಗಳ ಅರ್ಥ

ಉಪಕರಣವೊಂದು ತನಗೆ ಹರಿವು ಬೇಕೆಂದು ಕಳಿಸುವ ವಿದ್ಯುತ್ ಸೂಚನೆಯನ್ನು ಇಲ್ಲಿ ‘ಬೇಡಿಕೆ’ ಎಂದಿದೆ. ಬೇಡಿಕೆಯನ್ನು ಸ್ವೀಕರಿಸಿ ಇನ್ನೊಂದು ಮಂಡಲದ (ಸರ್ಕ್ಯೂಟಿನ) ಸಂಪರ್ಕವನ್ನು ತೆರೆಯುವ ಅಥವಾ ಮುಚ್ಚುವ ಚಿಕ್ಕ ಸಾಧನ ‘ರಿಲೇ’. ಅದೇ ಕೆಲಸವನ್ನು ಮೋಟಾರಿನ ದೊಡ್ಡ ಪ್ರವಾಹಕ್ಕಾಗಿ ಮಾಡುವುದು ‘ಕಾಂಟ್ಯಾಕ್ಟರ್’. ಎರಡರ ಒಳಗೂ ತಾಮ್ರದ ತಂತಿಯ ‘ಕಾಯಿಲ್’ ಇರುತ್ತದೆ. ಕಾಯಿಲಿಗೆ ವಿದ್ಯುತ್ತು ಬಂದರೆ ಅದು ಅಯಸ್ಕಾಂತವಾಗಿ ಸಂಪರ್ಕಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಕಾಯಿಲಿಗೂ ಸಂಪರ್ಕಪಟ್ಟಿಗೂ ನಡುವೆ ವಿದ್ಯುತ್ ಸಂಬಂಧ ಇಲ್ಲ, ಇರುವುದು ಕಾಂತಬಲದ ಸಂಬಂಧವಷ್ಟೇ. ತನ್ನದೆಂಬ ವಿದ್ಯುತ್ತಿಲ್ಲದ ಬರೀ ಸಂಪರ್ಕಕ್ಕೆ ಕೆಲಸಗಾರರ ಮಾತಿನಲ್ಲಿ ‘ಡ್ರೈ ಕಾಂಟ್ಯಾಕ್ಟ್’ ಎಂದು ಹೆಸರು.

ಎರಡು ಸಂಪರ್ಕಗಳನ್ನು ಸಮಾಂತರವಾಗಿ ಜೋಡಿಸಿದರೆ ಯಾವುದಾದರೂ ಒಂದು ಮುಚ್ಚಿದರೆ ಸಾಕು, ಪಂಪು ಓಡುತ್ತದೆ. ಸರಣಿಯಲ್ಲಿ ಜೋಡಿಸಿದರೆ ಎರಡೂ ಮುಚ್ಚಿರಬೇಕು. ಮೊದಲನೆಯದು ಬೇಡಿಕೆಗೆ, ಎರಡನೆಯದು ರಕ್ಷಣೆಗೆ ಹೊಂದುತ್ತದೆ. ನಿಯಂತ್ರಣ ಪ್ಯಾನೆಲ್ಲಿನಲ್ಲಿ ಆಗುವ ತಪ್ಪುಗಳಲ್ಲಿ ಹಲವು ಈ ಎರಡನ್ನು ಅದಲುಬದಲು ಮಾಡಿದ್ದರಿಂದ ಹುಟ್ಟುವಂಥವು.

ಮೂಲ

ಬಿಸಿನೀರನ್ನು ಕೊಳವೆಯಲ್ಲಿ ಸುತ್ತಿಸಿ ಮನೆ ಬೆಚ್ಚಗಿಡುವ ಪದ್ಧತಿ ಯುರೋಪ್ ಮತ್ತು ಉತ್ತರ ಅಮೆರಿಕದ್ದು. ಮೊದಲು ಬಿಸಿನೀರು ಹಗುರವಾಗಿ ಮೇಲೇರುವ ಗುಣವನ್ನೇ ನೆಚ್ಚಿಕೊಂಡಿದ್ದರು. ವಿದ್ಯುತ್ ಪಂಪು ಬಂದ ಮೇಲೆ ನೀರನ್ನು ಬೇಕಾದಲ್ಲಿಗೆ ದೂಡುವುದು ಸಾಧ್ಯವಾಯಿತು. ಮನೆ ದೊಡ್ಡದಾದಾಗ ಮೇಲಂತಸ್ತಿಗೊಂದು, ಕೆಳಗೊಂದು ಫರ್ನೇಸು ಇಟ್ಟು, ಎರಡಕ್ಕೂ ಒಂದೇ ಬಾಯ್ಲರಿನಿಂದ ಒಂದೇ ಪಂಪಿನ ಮೂಲಕ ಬಿಸಿನೀರು ಕೊಡುವ ರೂಢಿ ಬೆಳೆಯಿತು. ಅಮೆರಿಕದಲ್ಲಿ ಥರ್ಮೋಸ್ಟಾಟಿನ ಮಂಡಲ 24 ವೋಲ್ಟಿನದು, ಪ್ರತಿ ಫರ್ನೇಸಿಗೂ ಅದರದೇ ಚಿಕ್ಕ ಟ್ರಾನ್ಸ್‌ಫಾರ್ಮರು. ಎರಡು ಟ್ರಾನ್ಸ್‌ಫಾರ್ಮರುಗಳ ಆಜ್ಞೆಯನ್ನು ಒಂದು ಪಂಪಿಗೆ ಮುಟ್ಟಿಸುವುದು ಹೇಗೆಂಬ ಪ್ರಶ್ನೆ ಅಲ್ಲಿಂದ ಎದ್ದಿತು.

ಕುವೈತಿಗೆ ಈ ಪ್ರಶ್ನೆ ಬಂದ ದಾರಿ ಬೇರೆ. ಹಳೆಯ ಕುವೈತ್ ಪಟ್ಟಣದ ಮನೆ ದಪ್ಪ ಮಣ್ಣಿನ ಗೋಡೆಯದು, ನಡುವೆ ಅಂಗಳವಿದ್ದದ್ದು. ಕುಡಿಯುವ ನೀರು ಶತ್ತಲ್ ಅರಬ್ ನದಿಯಿಂದ ದೋಣಿಗಳಲ್ಲಿ ಬಂದು ಕತ್ತೆಗಳ ಮೇಲೆ ಮನೆಮನೆಗೆ ಮಾರಾಟವಾಗುತ್ತಿತ್ತು. 1938ರಲ್ಲಿ ಬುರ್ಗಾನ್ ತೈಲಕ್ಷೇತ್ರ ಪತ್ತೆಯಾಯಿತು. 1946ರಲ್ಲಿ ತೈಲ ರಫ್ತು ಶುರುವಾಯಿತು. 1953ರಲ್ಲಿ ಶುವೈಖ್‌ನಲ್ಲಿ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ಸಾಮರ್ಥ್ಯದ, ಸಮುದ್ರದ ನೀರನ್ನು ಬಟ್ಟಿ ಇಳಿಸುವ ಸ್ಥಾವರ ಕೆಲಸ ಆರಂಭಿಸಿತು. 1952ರ ನಗರಯೋಜನೆ ಹೊಸ ಬಡಾವಣೆಗಳಿಗೆ ದಾರಿ ಮಾಡಿತು, 1957ರಲ್ಲಿ ಪಟ್ಟಣದ ಕೋಟೆಗೋಡೆಯನ್ನೇ ಕೆಡವಲಾಯಿತು. ಅಂಗಳದ ಮನೆ ಹೋಗಿ ನಾಲ್ಕೂ ಕಡೆ ಬಿಸಿಲಿಗೆ ತೆರೆದುಕೊಂಡ ಕಾಂಕ್ರೀಟ್ ವಿಲ್ಲಾ ಬಂದಿತು. ಅಂಥ ಮನೆಯಲ್ಲಿ ಯಂತ್ರದ ತಂಪಿಲ್ಲದೆ ಬೇಸಿಗೆ ಕಳೆಯುವುದು ಆಗದ ಮಾತು.

ನೀರಿಗೂ ಪಂಪು ಅನಿವಾರ್ಯವಾಯಿತು. ನಾಡಿನ ಗುರುತೇ ಆಗಿರುವ, ನೀಲಿ ಬಿಳಿ ಪಟ್ಟೆಯ ಅಣಬೆಯಾಕಾರದ ನೀರಿನ ಗೋಪುರಗಳು ಮತ್ತು 1979ರಲ್ಲಿ ತೆರೆದ ಕುವೈತ್ ಟವರ್ಸ್ ಬಡಾವಣೆಗಳಿಗೆ ನೀರು ಹಂಚುವ ಜಾಲದ ಅಂಗಗಳು. ಕುವೈತ್ ಟವರ್ಸ್ ಗೋಪುರಗಳಲ್ಲಿ ಎರಡು ತಲಾ 4,500 ಘನ ಮೀಟರು ನೀರು ಹಿಡಿಯುತ್ತವೆ. ಆದರೂ ಮನೆಯ ತಾರಸಿಗೆ ನೀರು ಏರಿಸುವುದು ಮನೆಯವರ ಹೊಣೆ. ಹೀಗಾಗಿ ಕುವೈತಿನ ಮನೆ ಎಂದರೆ ನೆಲಮಟ್ಟದಲ್ಲಿ ಒಂದು ಟ್ಯಾಂಕು, ಪಕ್ಕದಲ್ಲಿ ಪಂಪು, ಮಾಳಿಗೆಯ ಮೇಲೆ ಇನ್ನೊಂದು ಟ್ಯಾಂಕು. ಬೆಂಗಳೂರಿನ ಸಂಪು ಮತ್ತು ಓವರ್‌ಹೆಡ್ ಟ್ಯಾಂಕನ್ನು ಕಂಡವರಿಗೆ ಈ ಜೋಡಿ ಹೊಸತೇನಲ್ಲ.

ವಿದ್ಯುತ್ತಿನ ಹಿನ್ನೆಲೆ

ಕುವೈತ್ 1899ರಿಂದ 1961ರವರೆಗೆ ಬ್ರಿಟಿಷ್ ರಕ್ಷಣೆಯಲ್ಲಿತ್ತು. ವಿದ್ಯುತ್ ಪದ್ಧತಿಯೂ ಬ್ರಿಟಿಷ್ ಜಾಡಿನಲ್ಲೇ ಬೆಳೆಯಿತು: ಒಂದು ಫೇಸಿಗೆ 240 ವೋಲ್ಟು, ಎರಡು ಫೇಸುಗಳ ನಡುವೆ 415 ವೋಲ್ಟು, ಆವರ್ತನ 50 ಹರ್ಟ್ಸ್, ಮೂರು ಚಪ್ಪಟೆ ಕಾಲಿನ ಪ್ಲಗ್ಗು. ಭಾರತದ ಕೆಲಸಗಾರನಿಗೆ ಪ್ಲಗ್ಗಿನ ಆಕಾರ ಬಿಟ್ಟರೆ ಉಳಿದದ್ದು ಬಹುಮಟ್ಟಿಗೆ ಪರಿಚಿತವೇ. ವಿಲ್ಲಾಗಳಿಗೆ ಮೂರು ಫೇಸಿನ ಸಂಪರ್ಕ ಸಾಮಾನ್ಯ. ಹೊರೆ ಮೂರರ ಮೇಲೂ ಸಮನಾಗಿ ಬೀಳಬೇಕಾದ್ದರಿಂದ ಒಂದೇ ಮನೆಯ ಎರಡು ಉಪಕರಣಗಳ ನಿಯಂತ್ರಣ ಮಂಡಲಗಳು ಬೇರೆ ಬೇರೆ ಫೇಸಿನ ಮೇಲಿರುವ ಸಾಧ್ಯತೆ ಹೆಚ್ಚು. ಜೋಡಿ ಆಜ್ಞೆಯ ಪಂಪಿಗೆ ತಂತಿ ಎಳೆಯುವವನು ಮೊದಲು ನೆನಪಿಡಬೇಕಾದ ಸಂಗತಿ ಇದು.

ರಚನೆ

ವ್ಯವಸ್ಥೆಯ ಅಂಗಗಳು ಹೆಚ್ಚಿಲ್ಲ. ಪಂಪು ಮತ್ತು ಮೋಟಾರು. ಮೋಟಾರಿನ ಮುಂದೆ ಬ್ರೇಕರು, ಕಾಂಟ್ಯಾಕ್ಟರ್, ಓವರ್‌ಲೋಡ್. ಎರಡು ಉಪಕರಣಗಳಿಗೆ ಒಂದೊಂದರಂತೆ ಎರಡು ರಿಲೇ. ಕೊಳವೆಯಲ್ಲಿ ನೀರು ನಿಜಕ್ಕೂ ಹರಿಯುತ್ತಿದೆಯೆ ಎಂದು ನೋಡುವ ಫ್ಲೋ ಸ್ವಿಚ್ಚು. ಎರಡು ಶಾಖೆಗಳಿಗೂ ಒಂದೊಂದು ಮೋಟಾರು ವಾಲ್ವು. ಕುವೈತಿನ ದೊಡ್ಡ ಮನೆಗಳಲ್ಲಿ ಇವು ತಾರಸಿಯಲ್ಲಿ ಚಿಲ್ಲರಿನ ಪಕ್ಕ ಇಲ್ಲವೆ ‘ಸರ್ದಾಬ್’ ಎನ್ನುವ ನೆಲಮಾಳಿಗೆಯ ಪಂಪು ಕೋಣೆಯಲ್ಲಿ ಇರುತ್ತವೆ.

ರಿಲೇ ಏಕೆ ಬೇಕು, ಚಿಲ್ಲರಿನ ಥರ್ಮೋಸ್ಟಾಟೇ ನೇರವಾಗಿ ಪಂಪನ್ನು ಓಡಿಸಬಾರದೆ ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಪ್ರವಾಹದ್ದು. 1.5 ಕಿಲೋವಾಟಿನ ಒಂದು ಫೇಸಿನ ಮೋಟಾರು ಓಡುವಾಗಲೇ ಹತ್ತು ಆಂಪಿಯರಿನ ಆಸುಪಾಸು ಎಳೆಯುತ್ತದೆ, ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಥರ್ಮೋಸ್ಟಾಟಿನ ಸೂಕ್ಷ್ಮ ಸಂಪರ್ಕ ಇಂಥ ಹೊಡೆತಕ್ಕೆ ಸುಟ್ಟು ಅಂಟಿಕೊಳ್ಳುತ್ತದೆ, ಅಂಟಿದ ಸಂಪರ್ಕ ಪಂಪನ್ನು ನಿಲ್ಲಲು ಬಿಡುವುದಿಲ್ಲ. ಎರಡನೆಯ ಉತ್ತರ ಬೇರ್ಪಡಿಕೆಯದು: ಎರಡು ಕಡೆಯ ವಿದ್ಯುತ್ತು ಸೇರದಂತೆ ಕಾಯುವುದು. ಅದು ಏಕೆ ಮುಖ್ಯ ಎಂಬುದು ತಂತಿ ಜೋಡಣೆಯಲ್ಲಿ ಕಾಣುತ್ತದೆ.

ತಂತಿ ಜೋಡಣೆ

ಎರಡು ಉಪಕರಣಗಳ ಬೇಡಿಕೆಯ ತಂತಿಗಳನ್ನು ನೇರವಾಗಿ ಒಂದಕ್ಕೊಂದು ಹೊಸೆದು ಪಂಪಿನ ಕಾಂಟ್ಯಾಕ್ಟರಿಗೆ ಕೊಟ್ಟರೆ ಏನಾಗುತ್ತದೆಂಬುದು ಆ ತಂತಿಗಳಲ್ಲಿ ಏನು ಹರಿಯುತ್ತಿದೆ ಎಂಬುದರ ಮೇಲಿದೆ.

ಎರಡೂ 240 ವೋಲ್ಟಿನವು, ಆದರೆ ಒಂದು ಕೆಂಪು ಫೇಸಿನಿಂದ, ಇನ್ನೊಂದು ಹಳದಿ ಫೇಸಿನಿಂದ ಬಂದಿವೆ ಎಂದಿಟ್ಟುಕೊಳ್ಳೋಣ. ಒಂದು ಚಿಲ್ಲರು ಮಾತ್ರ ಬೇಡುತ್ತಿರುವಷ್ಟು ಕಾಲ ಎಲ್ಲವೂ ಸರಿಯಾಗಿ ಕಾಣುತ್ತದೆ. ಎರಡನೆಯದೂ ಬೇಡಿದ ಕ್ಷಣ ಎರಡು ಫೇಸುಗಳು ನೇರವಾಗಿ ತಗುಲಿ 415 ವೋಲ್ಟಿನ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಜೋಡಣೆ ಮಾಡಿದ ದಿನ ಏನೂ ಆಗದೆ, ವಾರಗಳ ಮೇಲೆ ಕಡು ಬೇಸಿಗೆಯ ಮಧ್ಯಾಹ್ನ ಎರಡೂ ಚಿಲ್ಲರುಗಳು ಒಟ್ಟಿಗೆ ಓಡಬೇಕಾದಾಗ ಪ್ಯಾನೆಲ್ಲು ಸಿಡಿಯುವುದರ ಕಾರಣ ಇದೇ ಇರಬಹುದು.

ಎರಡೂ 24 ವೋಲ್ಟಿನವಾದರೆ ಅಪಾಯ ಕಣ್ಣಿಗೆ ಕಾಣದ ಬಗೆಯದು. ಒಂದೇ ಫೇಸಿನ ಎರಡು ಟ್ರಾನ್ಸ್‌ಫಾರ್ಮರುಗಳ ತುದಿಗಳನ್ನು ಅದಲುಬದಲಾಗಿ ಸೇರಿಸಿದರೆ ಅವುಗಳ ನಡುವೆ 48 ವೋಲ್ಟು ನಿಂತು ಎರಡೂ ಸುಡುತ್ತವೆ. ಬೇರೆ ಬೇರೆ ಫೇಸಿನವಾದರೆ ತುದಿಗಳನ್ನು ಹೇಗೆ ತಿರುಗಿಸಿದರೂ ಹೊಂದಾಣಿಕೆಯಾಗದು. ಒಂದೇ ದಿಕ್ಕಿಗೆ ಸೇರಿಸಿದರೂ ನಡುವೆ ಸುಮಾರು 42 ವೋಲ್ಟು ಇದ್ದೇ ಇರುತ್ತದೆ. ಇನ್ನು ಒಂದೇ ಫೇಸಿನಲ್ಲಿ, ಸರಿಯಾದ ತುದಿಗಳನ್ನೇ ಸೇರಿಸಿದ್ದಾರೆ ಎನ್ನೋಣ. ರಿಪೇರಿಗೆಂದು ಒಂದು ಚಿಲ್ಲರಿನ ಬ್ರೇಕರನ್ನು ಇಳಿಸಲಾಗುತ್ತದೆ. ಇನ್ನೊಂದು ಚಿಲ್ಲರಿನ 24 ವೋಲ್ಟು ಜೋಡಿಸಿದ ತಂತಿಯಲ್ಲಿ ಹಿಂದಕ್ಕೆ ಹರಿದು ನಿಂತ ಚಿಲ್ಲರಿನ ಟ್ರಾನ್ಸ್‌ಫಾರ್ಮರನ್ನು ಹಿಂಬದಿಯಿಂದ ಹೊಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದೆಂಬುದಿಲ್ಲ. ಅದು 24ನ್ನು ಮತ್ತೆ 240ಕ್ಕೆ ಏರಿಸುತ್ತದೆ. ಬ್ರೇಕರು ಕೆಳಗಿದೆ, ಯಂತ್ರ ನಿಂತಿದೆ, ತುದಿಯಲ್ಲಿ ಮಾತ್ರ ಜೀವ ತೆಗೆಯುವ ವೋಲ್ಟೇಜು ಕೂತಿದೆ. ಸ್ಕ್ರೂಡ್ರೈವರ್ ಹಿಡಿದು ತಾರಸಿಯಲ್ಲಿ ಕೂತ ಕೆಲಸಗಾರನ ಪ್ರಾಣ ಇಂಥ ಒಂದು ಗಂಟಿನ ಮೇಲೆ ನಿಲ್ಲುವಂತಾಗಬಾರದು. ಬೇರ್ಪಡಿಕೆಯ ನಿಯಮಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸರಿಯಾದ ಜೋಡಣೆ ಹೀಗಿದೆ. ಮೊದಲ ಚಿಲ್ಲರಿನ ಬೇಡಿಕೆಯ ಎರಡು ತಂತಿಗಳು ಮೊದಲ ರಿಲೇಯ ಕಾಯಿಲಿಗೆ ಹೋಗುತ್ತವೆ, ಬೇರೆಲ್ಲಿಗೂ ಅಲ್ಲ. ಎರಡನೆಯ ಚಿಲ್ಲರಿನವು ಎರಡನೆಯ ರಿಲೇಯ ಕಾಯಿಲಿಗೆ. ಕಾಯಿಲಿನ ವೋಲ್ಟೇಜು ಆಯಾ ಚಿಲ್ಲರಿಗೆ ಹೊಂದಬೇಕು. ಒಂದು 24 ವೋಲ್ಟಿನದು, ಇನ್ನೊಂದು 240 ವೋಲ್ಟಿನದು ಆಗಿದ್ದರೂ ಅಡ್ಡಿಯಿಲ್ಲ. ಈಗ ಪಂಪಿನ ಸ್ವಂತ ಬ್ರೇಕರಿನ ಕೆಳಗಿನಿಂದ ಒಂದು ನಿಯಂತ್ರಣ ತಂತಿ ಹೊರಡುತ್ತದೆ. ಅದು ಮೊದಲು ಓವರ್‌ಲೋಡಿನ 95 ಮತ್ತು 96 ಗುರುತಿನ ತುದಿಗಳ ಮೂಲಕ ಹಾಯುತ್ತದೆ. ಮೋಟಾರು ಹೆಚ್ಚು ಪ್ರವಾಹ ಎಳೆದರೆ ಈ ಸಂಪರ್ಕ ಬಿಚ್ಚಿಕೊಳ್ಳುತ್ತದೆ. ಅಲ್ಲಿಂದ ತಂತಿ ಎರಡು ಕವಲಾಗಿ ಎರಡೂ ರಿಲೇಗಳ ಸಂಪರ್ಕಗಳಿಗೆ ಹೋಗಿ, ಆಚೆ ಬದಿಯಲ್ಲಿ ಮತ್ತೆ ಒಂದಾಗಿ, ಕಾಂಟ್ಯಾಕ್ಟರಿನ ಎ1 ತುದಿಯನ್ನು ಮುಟ್ಟುತ್ತದೆ. ಎ2 ಅದೇ ಮಂಡಲದ ನ್ಯೂಟ್ರಲ್‌ಗೆ. ಎಂಟು ಕಾಲಿನ ದುಂಡು ರಿಲೇ ಬಳಸಿದರೆ ಕಾಯಿಲು 2 ಮತ್ತು 7ನೆಯ ಕಾಲುಗಳಲ್ಲಿ, ಬೇಡಿಕೆ ಬಂದಾಗ ಮುಚ್ಚುವ ಸಂಪರ್ಕ 1 ಮತ್ತು 3ರಲ್ಲಿ. ಎರಡೂ ರಿಲೇಗಳ 1ನ್ನು 1ಕ್ಕೆ, 3ನ್ನು 3ಕ್ಕೆ ಸೇರಿಸಿದರೆ ಸಮಾಂತರ ಜೋಡಣೆ ಮುಗಿಯಿತು. ಕವಲಾಗಿ ಮತ್ತೆ ಕೂಡುವ ಆ ಎರಡು ದಾರಿಗಳಲ್ಲೂ ಹರಿಯುವುದು ಪಂಪಿನದೇ ವಿದ್ಯುತ್ತು. ಚಿಲ್ಲರುಗಳ ವಿದ್ಯುತ್ತು ಕಾಯಿಲಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಒಂದು ಎಚ್ಚರಿಕೆ ಉಳಿಯುತ್ತದೆ. ಈ ಪ್ಯಾನೆಲ್ಲಿಗೆ ಮೂರು ಕಡೆಯಿಂದ ವಿದ್ಯುತ್ತು ಬರುವುದರಿಂದ ಪಂಪಿನ ಬ್ರೇಕರನ್ನು ಇಳಿಸಿದರೂ ರಿಲೇ ಕಾಯಿಲುಗಳಲ್ಲಿ ವಿದ್ಯುತ್ತು ಇರುತ್ತದೆ. ಮುಚ್ಚಳದ ಮೇಲೆ ಮೂರೂ ಬ್ರೇಕರುಗಳ ಹೆಸರು ಬರೆದು ಅಂಟಿಸುವುದು ಒಳ್ಳೆಯ ರೂಢಿ. ಅರಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಬರೆದಿದ್ದರೆ ಇನ್ನೂ ಒಳ್ಳೆಯದು.

ಸರದಿ ಮತ್ತು ಕಾಲ

ಚಿಲ್ಲರಿನ ಕಂಪ್ರೆಸರು ಪಂಪಿಗಿಂತ ಮೊದಲು ಹೊರಡಕೂಡದು. ಹರಿಯದೆ ನಿಂತ ನೀರನ್ನು ತಂಪು ಮಾಡುತ್ತ ಹೋದರೆ ಅದು ತಂಪುಗೊಳವೆಯೊಳಗೇ ಹೆಪ್ಪುಗಟ್ಟಿ ಕೊಳವೆ ಬಿರಿಯುತ್ತದೆ. ಹೊರಗೆ ಐವತ್ತು ಡಿಗ್ರಿ ಇರುವಾಗಲೂ ಒಳಗೆ ಹೀಗಾಗಬಹುದು. ಆದ್ದರಿಂದ ಬೇಡಿಕೆ, ವಾಲ್ವು ತೆರೆಯುವುದು, ಪಂಪು, ಹರಿವಿನ ಖಾತ್ರಿ, ಕೊನೆಗೆ ಕಂಪ್ರೆಸರು ಎಂಬ ಸರದಿ. ಹರಿವಿನ ಖಾತ್ರಿಯನ್ನು ಪ್ರತಿ ಚಿಲ್ಲರಿನ ಸ್ವಂತ ಫ್ಲೋ ಸ್ವಿಚ್ಚಿನಿಂದಲೇ ಪಡೆಯಬೇಕು. ಪಂಪು ಓಡುತ್ತಿದೆ ಎಂಬ ಸೂಚನೆ ಸಾಲದು, ಏಕೆಂದರೆ ಅದು ಪಕ್ಕದ ಚಿಲ್ಲರಿಗಾಗಿ ಓಡುತ್ತಿರಬಹುದು. ನಿಲ್ಲುವಾಗ ಸರದಿ ತಿರುವುಮುರುವು: ಕಂಪ್ರೆಸರು ಮೊದಲು, ಕೆಲವು ನಿಮಿಷ ಬಿಟ್ಟು ಪಂಪು. ಈ ತಡಕ್ಕೆ ಟೈಮರ್ ರಿಲೇ ಇಡುತ್ತಾರೆ. ನಿಂತ ಕಂಪ್ರೆಸರು ಮತ್ತೆ ಹೊರಡುವುದಕ್ಕೆ ಮೂರರಿಂದ ಐದು ನಿಮಿಷದ ಬಿಡುವು ವಾಡಿಕೆ.

ಹರಿವಿನ ಲೆಕ್ಕ

ಒಂದು ಟನ್ ತಂಪು ಎಂದರೆ ಸುಮಾರು 3.5 ಕಿಲೋವಾಟು. ನೀರು 12 ಡಿಗ್ರಿಯಲ್ಲಿ ಮರಳಿ ಬಂದು ಸುಮಾರು 7 ಡಿಗ್ರಿಗೆ ಇಳಿದು ಹೊರಡುವ ವಾಡಿಕೆಯ ವಿನ್ಯಾಸದಲ್ಲಿ ಪ್ರತಿ ಟನ್ನಿಗೆ ಸೆಕೆಂಡಿಗೆ 0.17 ಲೀಟರಿನಷ್ಟು ಹರಿವು ಬೇಕು. ತಲಾ 10 ಟನ್ನಿನ ಎರಡು ಚಿಲ್ಲರುಗಳಿಗೆ ಒಟ್ಟು ಸುಮಾರು 3.4 ಲೀಟರು. ಪಂಪನ್ನು ಈ ಒಟ್ಟು ಲೆಕ್ಕಕ್ಕೆ ಆರಿಸಿರುತ್ತಾರೆ.

ಒಂದೇ ಚಿಲ್ಲರು ಓಡುತ್ತಿರುವಾಗ ನಿಂತ ಚಿಲ್ಲರಿನ ವಾಲ್ವು ತೆರೆದೇ ಇದ್ದರೆ ಅರ್ಧ ನೀರು ತಂಪಾಗದೆ ಅದರ ಮೂಲಕ ಹಾದುಹೋಗುತ್ತದೆ. 7 ಮತ್ತು 12 ಡಿಗ್ರಿಯ ನೀರು ಬೆರೆತು ಮನೆಗೆ ಹೋಗುವುದು ಒಂಬತ್ತೂವರೆ ಡಿಗ್ರಿಯದು. ತಂಪು ಸಾಲುತ್ತಿಲ್ಲ ಎಂಬ ದೂರಿಗೆ ಚಿಲ್ಲರನ್ನು ಬೈಯುವ ಮೊದಲು ಈ ವಾಲ್ವನ್ನು ನೋಡಬೇಕು. ವಾಲ್ವು ಮುಚ್ಚಿದರೆ ಇನ್ನೊಂದು ತೊಂದರೆ: ಇಡೀ ಪಂಪಿನ ಒತ್ತಡ ಒಂದೇ ಶಾಖೆಯ ಮೇಲೆ ಬಿದ್ದು ಅಲ್ಲಿ ಹರಿವು ಮಿತಿ ಮೀರುತ್ತದೆ. ಬೈಪಾಸ್ ಕೊಳವೆ ಅಥವಾ ಪಂಪಿನ ವೇಗ ತಗ್ಗಿಸುವ ಡ್ರೈವ್ ಇದಕ್ಕೆ ಪರಿಹಾರ. ವಾಲ್ವು ಪೂರ್ತಿ ತೆರೆದಾಗ ಮುಚ್ಚುವ ಚಿಕ್ಕ ಸ್ವಿಚ್ಚೊಂದು ಅದರ ಮೋಟಾರಿನೊಳಗೇ ಇರುವುದುಂಟು. ರಿಲೇಗೆ ಹೋಗುವ ಬೇಡಿಕೆಯನ್ನು ಆ ಸ್ವಿಚ್ಚಿನ ಮೂಲಕ ಹಾಯಿಸಿದರೆ ಮುಚ್ಚಿದ ವಾಲ್ವಿನ ಎದುರು ಪಂಪು ಓಡುವುದು ತಪ್ಪುತ್ತದೆ.

ಬಗೆಗಳು

ಎರಡು ಚಿಲ್ಲರು, ಒಂದು ಪಂಪು ಎಂಬುದು ದೊಡ್ಡ ವಿಲ್ಲಾಗಳ ಬಗೆ. ಕುವೈತಿನ ಮನೆಗಳಲ್ಲಿ ಸಂಸಾರ ಇರುವ ಭಾಗ ಒಂದು, ಅತಿಥಿಗಳು ಕೂಡುವ ‘ದಿವಾನಿಯ’ ಇನ್ನೊಂದು. ದಿವಾನಿಯ ತುಂಬುವುದು ಸಾಮಾನ್ಯವಾಗಿ ಸಂಜೆಯ ಮೇಲೆ, ಮನೆಗೆ ತಂಪು ಬೇಕಾದ್ದು ಹಗಲಿಡೀ. ಎರಡರ ಹೊತ್ತು ಬೇರೆಯಾದ್ದರಿಂದ ಯಂತ್ರಗಳನ್ನೂ ಬೇರೆ ಇಡುವುದು ಯುಕ್ತ. ಮಧ್ಯಮ ಗಾತ್ರದ ಮನೆಗಳಲ್ಲಿ ಚಿಲ್ಲರಿಗೆ ಬದಲು ಗಾಳಿಯನ್ನೇ ನೇರ ತಂಪು ಮಾಡುವ ಪ್ಯಾಕೇಜ್ ಯೂನಿಟ್ಟುಗಳೇ ಹೆಚ್ಚು. ಅವುಗಳಿಗೆ ಪಂಪೇ ಬೇಡ.

ಟ್ಯಾಂಕಿನ ನೀರಿನ ಪಂಪು ಎರಡನೆಯ ಬಗೆ, ಕೊಲ್ಲಿ ನಾಡಿಗೇ ವಿಶಿಷ್ಟವಾದದ್ದು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಕಾದು, ತಣ್ಣೀರಿನ ನಲ್ಲಿ ತಿರುಗಿಸಿದರೂ ಮೈ ಸುಡುವ ನೀರು ಬರುತ್ತದೆ. ಬಚ್ಚಲಿನ ಗೀಸರನ್ನು ಆರಿಸಿ, ಮನೆಯೊಳಗೆ ಎ.ಸಿ. ತಂಪಿನಲ್ಲಿ ಕೂತ ಅದರ ನೀರನ್ನೇ ತಣ್ಣೀರಾಗಿ ಬಳಸುವುದು ಕುವೈತಿನಲ್ಲಿ ಬೇಸಿಗೆ ಕಳೆದ ಪ್ರತಿ ಕನ್ನಡ ಸಂಸಾರಕ್ಕೂ ಗೊತ್ತಿರುವ ಉಪಾಯ. ಅನುಕೂಲವಿದ್ದವರು ಟ್ಯಾಂಕಿಗೊಂದು ಚಿಕ್ಕ ಚಿಲ್ಲರು ಹಾಕಿಸುತ್ತಾರೆ. ಒಂದು ಪಂಪು ಟ್ಯಾಂಕಿನ ನೀರನ್ನು ಎಳೆದು ಚಿಲ್ಲರಿನ ಮೂಲಕ ಹಾಯಿಸಿ ಹಿಂದಕ್ಕೆ ಬಿಡುತ್ತದೆ. ಅದೇ ಸುತ್ತಿಗೆ ಚಳಿಗಾಲದ ಹೀಟರನ್ನೂ ಸೇರಿಸಿದರೆ ಒಂದು ಪಂಪಿಗೆ ಎರಡು ಯಜಮಾನರಾದಂತೆ. ಇಲ್ಲಿ ಸಮಾಂತರ ಜೋಡಣೆಯ ಜೊತೆಗೆ ಪರಸ್ಪರ ತಡೆಯೂ ಬೇಕು. ಚಿಲ್ಲರು ಓಡುವಾಗ ಹೀಟರಿನ ಮಂಡಲ ಬಿಚ್ಚಿರುವಂತೆ, ಹೀಟರು ಉರಿಯುವಾಗ ಚಿಲ್ಲರಿನದು ಬಿಚ್ಚಿರುವಂತೆ ಒಂದರ ರಿಲೇಯ ಬಿಚ್ಚುವ ಸಂಪರ್ಕವನ್ನು ಇನ್ನೊಂದರ ದಾರಿಯಲ್ಲಿ ಇಡುತ್ತಾರೆ. ಇಲ್ಲದಿದ್ದರೆ ವಸಂತ ಮತ್ತು ಶರತ್ಕಾಲದಲ್ಲಿ ಎರಡೂ ಒಂದರ ಮೇಲೊಂದು ಹೋರಾಡುತ್ತ ವಿದ್ಯುತ್ತನ್ನು ನುಂಗುತ್ತವೆ.

ನೀರೇರಿಸುವ ಪಂಪು ಈ ಮನೆತನದ ಸರಣಿ ಬಗೆ. ಮೇಲಿನ ಟ್ಯಾಂಕಿನ ತೇಲುಗುಂಡು ನೀರು ತಗ್ಗಿದಾಗ ಮುಚ್ಚುತ್ತದೆ; ಕೆಳಗಿನ ಟ್ಯಾಂಕಿನದು ನೀರಿರುವಷ್ಟು ಕಾಲ ಮುಚ್ಚಿರುತ್ತದೆ. ಎರಡೂ ಒಪ್ಪಿದರಷ್ಟೇ ಪಂಪು ಓಡಬೇಕು. ಒಂದಾದರೂ ಬೇಡವೆಂದರೆ ನಿಲ್ಲಬೇಕು, ಏಕೆಂದರೆ ಬರಿದಾದ ಟ್ಯಾಂಕಿನಿಂದ ಎಳೆಯುವ ಪಂಪಿನ ಸೀಲು ಒಣಗಿ ಸುಡುತ್ತದೆ. ಇವನ್ನು ತಪ್ಪಿ ಸಮಾಂತರವಾಗಿ ಸೇರಿಸಿದರೆ ಕೆಳಗೆ ನೀರಿರುವವರೆಗೂ ಪಂಪು ನಿಲ್ಲದೆ ತಾರಸಿ ಉಕ್ಕಿ ಹರಿಯುತ್ತದೆ. ಸಮುದ್ರವನ್ನು ಕಾಸಿ ಇಳಿಸಿದ ನೀರು ಹೀಗೆ ಬೀದಿಗೆ ಹರಿಯುವುದು ದೊಡ್ಡ ನಷ್ಟ. ತೇಲುಗುಂಡಿನ ತಂತಿ ನೀರಿನೊಳಗೇ ಇಳಿಯುವುದರಿಂದ ಅದಕ್ಕೆ 240 ವೋಲ್ಟು ಕೊಡದೆ 24 ವೋಲ್ಟು ಕೊಟ್ಟು ರಿಲೇಯ ಮೂಲಕ ಪಂಪನ್ನು ನಡೆಸುವುದು ಸುರಕ್ಷಿತ. 30 ಮಿಲಿಆಂಪಿಯರಿನ ಸೋರಿಕೆ ಬ್ರೇಕರು ಇದ್ದೇ ಇರಬೇಕು. ಒಂದೇ ಪಂಪು ತಾರಸಿಯ ಎರಡು ಟ್ಯಾಂಕುಗಳನ್ನು ತುಂಬಬೇಕಾದಲ್ಲಿ ಎರಡು ಬಗೆಯೂ ಕೂಡುತ್ತವೆ: ಮೇಲಿನ ಎರಡು ತೇಲುಗುಂಡುಗಳು, ತಮ್ಮ ತಮ್ಮ ವಾಲ್ವಿನೊಂದಿಗೆ, ಒಂದಕ್ಕೊಂದು ಸಮಾಂತರ, ಕೆಳಗಿನದು ಅವೆರಡರೊಂದಿಗೆ ಸರಣಿ.

ಎರಡು ಪಂಪುಗಳು ಸರದಿಯ ಮೇಲೆ ಓಡುವ ವ್ಯವಸ್ಥೆಯನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಆಜ್ಞೆ ಒಂದು, ಆಳು ಎರಡು.

ಹವೆ ಮತ್ತು ಬಳಕೆ

21 ಜುಲೈ 2016ರಂದು ಕುವೈತಿನ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ಸನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿದೆ. ಏಷ್ಯಾದಲ್ಲಿ ನಂಬಲರ್ಹವಾಗಿ ಅಳೆದ ಅತಿ ಹೆಚ್ಚಿನ ಉಷ್ಣತೆಗಳಲ್ಲಿ ಅದೂ ಒಂದು. ಚಳಿಗಾಲದ ರಾತ್ರಿಗಳಲ್ಲಿ ಅದೇ ನಾಡು ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಒಂದೇ ಮನೆಗೆ ತಂಪೂ ಬಿಸಿಯೂ ಬೇಕೆಂಬುದು ಇದರಿಂದ ಸ್ಪಷ್ಟ. ಬೇಸಿಗೆಯ ಗರಿಷ್ಠ ವಿದ್ಯುತ್ ಹೊರೆಯಲ್ಲಿ ಸುಮಾರು 70 ಪ್ರತಿಶತ ಹವಾನಿಯಂತ್ರಣದ್ದೇ ಎಂದು ಲೆಕ್ಕ. ಸ್ವಂತ ಮನೆಗಳಿಗೆ ವಿದ್ಯುತ್ ದರ 1966ರಿಂದ ಯೂನಿಟ್ಟಿಗೆ 2 ಫಿಲ್ಸ್. ಸಾವಿರ ಫಿಲ್ಸಿಗೆ ಒಂದು ದಿನಾರು. ಇಷ್ಟು ಅಗ್ಗವಾದಾಗ ಪಂಪು ಸುಮ್ಮನೆ ಓಡುತ್ತಿದ್ದರೂ ಬಿಲ್ಲಿನಲ್ಲಿ ಕಾಣುವುದಿಲ್ಲ. ಬೇಡಿಕೆ ಇಲ್ಲದಾಗ ನಿಲ್ಲಿಸುವ ರಿಲೇಯನ್ನು ಕಿತ್ತು ಪಂಪಿಗೆ ನೇರ ಸಂಪರ್ಕ ಕೊಟ್ಟುಬಿಡುವ ಚಾಳಿಗೆ ಈ ದರವೂ ಒತ್ತಾಸೆಯಾಗುತ್ತದೆ. ಪಂಪು ನಿಲ್ಲಿಸಿದರೆ ದುಡ್ಡು ಹೆಚ್ಚು ಉಳಿಯದಿದ್ದರೂ ಹಾಗೆ ನೇರ ಸಂಪರ್ಕ ಕೊಡುವುದು ಸಲ್ಲ: ಬಿಡುವಿಲ್ಲದ ಪಂಪಿನ ಬೇರಿಂಗು ಬೇಗ ಸವೆಯುತ್ತದೆ, ತಂಪಾದ ನೀರಿಗೆ ಪಂಪಿನದೇ ಬಿಸಿ ಸೇರುತ್ತದೆ.

1962ರಲ್ಲಿ ರೂಪುಗೊಂಡ ವಿದ್ಯುತ್ ಮತ್ತು ಜಲ ಸಚಿವಾಲಯ 1983ರಲ್ಲಿ ಕಟ್ಟಡಗಳ ಹವಾನಿಯಂತ್ರಣದ ಹೊರೆಗೆ ಮಿತಿ ಹಾಕುವ ನಿಯಮಾವಳಿಯನ್ನು ಜಾರಿಗೆ ತಂದಿತು. ಅದು ‘ಆರ್-6’ ಎಂಬ ಹೆಸರಿನಲ್ಲಿ ಪರಿಚಿತ. ಮುಂದೆ ಅದು ಪರಿಷ್ಕರಣೆಯನ್ನೂ ಕಂಡಿದೆ.

ದೋಷಗಳು ಮತ್ತು ತಪಾಸಣೆ

ಬೇಡಿಕೆ ಇಲ್ಲದಾಗಲೂ ಪಂಪು ನಿಲ್ಲುವುದೇ ಇಲ್ಲ ಎಂದರೆ ಒಂದು ರಿಲೇಯ ಸಂಪರ್ಕ ಅಂಟಿರಬಹುದು. ಯಾವುದೆಂದು ತಿಳಿಯಲು ರಿಲೇಗಳನ್ನು ಒಂದೊಂದಾಗಿ ಬುಡದಿಂದ ಕೀಳಬೇಕು. ಯಾವುದನ್ನು ಕಿತ್ತಾಗ ಪಂಪು ನಿಲ್ಲುತ್ತದೋ ಅದೇ. ಎರಡನ್ನೂ ಕಿತ್ತ ಮೇಲೂ ಓಡುತ್ತಿದ್ದರೆ ಕಾಂಟ್ಯಾಕ್ಟರೇ ಅಂಟಿದೆ. ಒಂದು ಚಿಲ್ಲರಿಗೆ ಮಾತ್ರ ಓಡಿ ಇನ್ನೊಂದಕ್ಕೆ ಓಡದಿದ್ದರೆ ಆ ಬದಿಯ ಕಾಯಿಲಿನ ತುದಿಗಳಲ್ಲಿ ಮೀಟರು ಇಟ್ಟು ನೋಡಬೇಕು. ವೋಲ್ಟು ಇದ್ದೂ ರಿಲೇ ‘ಟಕ್’ ಎನ್ನದಿದ್ದರೆ ಕಾಯಿಲು ಹೋಗಿದೆ. ವೋಲ್ಟೇ ಇಲ್ಲದಿದ್ದರೆ ದೋಷ ಚಿಲ್ಲರಿನ ಕಡೆಯದು ಅಥವಾ ವಾಲ್ವಿನ ಸ್ವಿಚ್ಚಿನದು. ರಿಲೇ ಪಟಪಟ ಬಡಿದುಕೊಳ್ಳುತ್ತಿದ್ದರೆ ಕಾಯಿಲಿಗೆ ವೋಲ್ಟೇಜು ಸಾಲುತ್ತಿಲ್ಲ. ತಾರಸಿಯಿಂದ ನೆಲಮಾಳಿಗೆಯವರೆಗೆ ಸಣ್ಣ ತಂತಿಯಲ್ಲಿ 24 ವೋಲ್ಟು ಎಳೆದಲ್ಲಿ ಹೀಗಾಗುತ್ತದೆ.

ಧೂಳು ಕುವೈತಿನ ಸ್ವಂತ ದೋಷಕಾರಕ. ಧೂಳುಗಾಳಿ ಎದ್ದ ಮೇಲೆ ಹಿಟ್ಟಿನಷ್ಟು ನುಣ್ಣನೆಯ ಮಣ್ಣು ಪ್ಯಾನೆಲ್ಲಿನ ಕೇಬಲ್ ರಂಧ್ರಗಳಿಂದ ಒಳಹೊಕ್ಕು ಸಂಪರ್ಕಪಟ್ಟಿಗಳ ನಡುವೆ ಕೂರುತ್ತದೆ. ಕಾಯಿಲು ಎಳೆದರೂ ಪಟ್ಟಿ ಮುಟ್ಟುವುದಿಲ್ಲ. ಬಿಸಿಲಿಗೆ ತಂತಿಯ ಹೊದಿಕೆ ಒಣಗಿ ಮುರಿಯುವುದೂ ಸಾಮಾನ್ಯ, ಅದರಲ್ಲೂ ತೇಲುಗುಂಡಿನ ತಂತಿ ಟ್ಯಾಂಕಿನ ಅಂಚನ್ನು ದಾಟುವ ಜಾಗದಲ್ಲಿ. ಬಾಯಿ ಮುಚ್ಚಿದ ಗ್ಲ್ಯಾಂಡುಗಳು, ನೆರಳು, ವರ್ಷಕ್ಕೊಮ್ಮೆ ಬೇಸಿಗೆಗೆ ಮುನ್ನ ತಪಾಸಣೆ ಇಷ್ಟಿದ್ದರೆ ಹೆಚ್ಚಿನ ತೊಂದರೆ ತಪ್ಪುತ್ತದೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗಿನ 11ರಿಂದ ಸಂಜೆ 4ರ ತನಕ ಬಯಲಿನ ಕೆಲಸಕ್ಕೆ ಸರ್ಕಾರದ ನಿಷೇಧವಿದೆ. ತಾರಸಿಯ ಕೆಲಸವನ್ನು ಅದಕ್ಕೆ ಮೊದಲೋ ಆಮೇಲೋ ಮಾಡಬೇಕು. ಮನೆಯವರು ತಾವಾಗಿ ಮಾಡಬಹುದಾದದ್ದು ಬ್ರೇಕರು ಇಳಿಸಿ ಬಲ್ಲವರನ್ನು ಕರೆಯುವುದಷ್ಟೇ; ಪ್ಯಾನೆಲ್ಲು ತೆರೆಯುವುದು ತರಬೇತಾದ ಎಲೆಕ್ಟ್ರಿಷಿಯನ್ನನ ಕೆಲಸ.

ಸದ್ಯದ ಸ್ಥಿತಿ

ಈ ಪಂಪುಗಳನ್ನು ಕೂರಿಸಿ, ಕಾಯ್ದು, ರಿಪೇರಿ ಮಾಡುವ ಕೈಗಳು ಬಹುಪಾಲು ವಲಸೆ ಬಂದವರವು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು ಕಡೆಯಿಂದ ಐಟಿಐ ಕಲಿತು ಬಂದ ಎಲೆಕ್ಟ್ರಿಷಿಯನ್ನರೂ ಎ.ಸಿ. ಮೆಕ್ಯಾನಿಕರೂ ಅವರಲ್ಲಿದ್ದಾರೆ. ಕೆಲಸದ ಮಾತು ತುಳು, ಬ್ಯಾರಿ, ಕನ್ನಡ, ಹಿಂದಿ, ಮಲಯಾಳ, ಅರಬಿಗಳ ಮಿಶ್ರಣ. ಕಟ್ಟಡದ ಕಾವಲುಗಾರ ‘ಹಾರಿಸ್’ ನೀರು ಬರುತ್ತಿಲ್ಲವೆಂದು ಮೊದಲು ಫೋನ್ ಮಾಡುವವನು. ಬಿಡಿಭಾಗಗಳಿಗೆ ಶುವೈಖ್ ಕೈಗಾರಿಕಾ ಪ್ರದೇಶದ ಅಂಗಡಿಸಾಲು ಆಧಾರ.

ಹೊಸ ಮನೆಗಳಲ್ಲಿ ರಿಲೇಗಳ ಜಾಗಕ್ಕೆ ಪ್ರೋಗ್ರಾಂ ಮಾಡಬಹುದಾದ ನಿಯಂತ್ರಕಗಳು, ವೇಗ ಬದಲಿಸುವ ಡ್ರೈವುಗಳು ಬರುತ್ತಿವೆ. ಆದರೂ ಪ್ರತಿ ಚಿಲ್ಲರಿನ ಬೇಡಿಕೆ ನಿಯಂತ್ರಕವನ್ನು ಸೇರುವ ಜಾಗದಲ್ಲಿ ಡ್ರೈ ಕಾಂಟ್ಯಾಕ್ಟನ್ನೇ ಕೇಳಲಾಗುತ್ತದೆ.

2024ರ ಜೂನ್‌ನಲ್ಲಿ ದೇಶದ ವಿದ್ಯುತ್ ಬೇಡಿಕೆ ಉತ್ಪಾದನೆಯನ್ನು ಮೀರಿದ್ದರಿಂದ ಸಚಿವಾಲಯ ಕೆಲವು ಪ್ರದೇಶಗಳಲ್ಲಿ ಹೊತ್ತು ಗೊತ್ತು ಮಾಡಿ ವಿದ್ಯುತ್ ಕಡಿತ ಮಾಡಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಕಡಿತ ಬಂದಿತು. ಈ ಕಡಿತಗಳಿಗೆ ಮೊದಲು ಕುವೈತಿನ ಪಂಪು ಪ್ಯಾನೆಲ್ಲುಗಳಲ್ಲಿ ಕರೆಂಟು ಹೋಗಿ ಬರುವುದನ್ನು ಗಣನೆಗೆ ತೆಗೆದುಕೊಳ್ಳುವ ಅಗತ್ಯ ಅಷ್ಟಾಗಿ ಇರಲಿಲ್ಲ. ಕರೆಂಟು ಮರಳಿದ ಕ್ಷಣ ಎರಡೂ ಚಿಲ್ಲರುಗಳ ಬೇಡಿಕೆ ಒಟ್ಟಿಗೆ ಬಂದರೆ ಪಂಪು ಮತ್ತು ಎರಡು ಕಂಪ್ರೆಸರುಗಳು ಒಂದೇ ಸಲ ಎದ್ದು ಮನೆಯ ಮುಖ್ಯ ಬ್ರೇಕರು ಬೀಳುತ್ತದೆ. ಪಂಪಿನ ಕಾಂಟ್ಯಾಕ್ಟರಿಗೆ ಕೆಲವು ಸೆಕೆಂಡು, ಮೊದಲ ಚಿಲ್ಲರಿಗೆ ಮೂರು ನಿಮಿಷ, ಎರಡನೆಯದಕ್ಕೆ ಆರು ನಿಮಿಷ ಎಂಬಂತೆ ಟೈಮರುಗಳನ್ನು ಹಂತಹಂತವಾಗಿ ಇಟ್ಟರೆ ಹೀಗಾಗುವುದಿಲ್ಲ. ಹಳೆಯ ಪ್ಯಾನೆಲ್ಲಿಗೂ ಟೈಮರ್ ರಿಲೇಗಳನ್ನು ಸೇರಿಸಿ ಇದನ್ನು ಮಾಡಬಹುದು.